ಒಂದು ಕೈಯಲ್ಲಿ ಎತ್ತಿ ನೋಡಬೇಕಾದ ಸೈಕಲ್ಲು

ನಮ್ಮಪ್ಪನಿಗೆ ಟೋಪಿ ಹಾಕುವವರು ಇನ್ನೂ ಹುಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಆದದ್ದೆಲ್ಲ ಆ ಜಾಣತನದಿಂದಲೇ ಆಯಿತು. ರಾಮನಗರದ ಮಾರುಕಟ್ಟೆಯಲ್ಲಿ ಅಪ್ಪ ಒಂದು ರೇಷ್ಮೆ ಗೂಡು ತೆಗೆದು, ಹೆಬ್ಬೆರಳಿನಿಂದ ಒತ್ತಿ, ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಮುಗಿಯಿತು. ಗೂಡು ಗಟ್ಟಿಯೋ, ಒಳಗೆ ಹುಳ ಸತ್ತು ಕೊಳೆತಿದೆಯೋ, ನೂಲು ಎಷ್ಟು ಬಂದೀತು, ಎಲ್ಲ ಹೇಳಿಬಿಡುತ್ತಿದ್ದ. ಒತ್ತಿದರೆ ತಗ್ಗಿಹೋಗುವ ತೆಳು ಗೂಡು ಕಂಡರೆ ಅವನಿಗೆ ಮೈಯೆಲ್ಲ ಉರಿ. "ಇದೇನ್ಲಾ, ಈರುಳ್ಳಿ ಸಿಪ್ಪೆ!" ಎಂದು ರಾಶಿಗೆ ವಾಪಸ್ ಎಸೆಯುತ್ತಿದ್ದ.

ಆಗ ರೇಷ್ಮೆಗೆ ಒಳ್ಳೆಯ ಬೆಲೆ ಬಂದಿದ್ದ ಕಾಲ. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದೆವು. ಬೆಂದ ಹುಳದ ವಾಸನೆ ಅನ್ನದಲ್ಲೂ ಇತ್ತು, ತಲೆದಿಂಬಿನಲ್ಲೂ ಇತ್ತು. ನಮಗೆಲ್ಲ ಅದು ಅಭ್ಯಾಸವಾಗಿತ್ತು, ಅಣ್ಣನಿಗೆ ಮಾತ್ರ ಎದೆಗೇ ಹತ್ತಿತು. ಆ ಹಬೆಯಲ್ಲಿ ಕೂತರೆ ಸಾಕು, ಗೊರಗೊರ ಉಸಿರು. "ಹುಡುಗನನ್ನು ಹಬೆ, ಹೊಗೆ ಎರಡರಿಂದಲೂ ದೂರ ಇಡಿ" ಎಂದರು ಡಾಕ್ಟರು. ಅಪ್ಪ ಅವತ್ತೇ ಅವನನ್ನು ಶೆಡ್ಡಿನಿಂದ ಎಬ್ಬಿಸಿದ. ಮಾಗಡಿ ರಸ್ತೆಯ ಹಳ್ಳಿಗಳಲ್ಲಿ ಹುಳ ಸಾಕುವವರ ಮನೆಗೆ ಹೋಗಿ, ಯಾರ ಗೂಡು ಚೆನ್ನಾಗಿದೆ, ಯಾವತ್ತು ಮಾರುಕಟ್ಟೆಗೆ ಬರುತ್ತದೆ ಎಂದು ತಿಳಿದುಕೊಂಡು ಬರುವುದು ಅವನ ಕೆಲಸವಾಯಿತು. ಮೊಪೆಡ್ಡಿನ ಹೊಗೆ ಅವನಿಗೆ ಆಗದು. ದಾರಿಯೋ ಬರೀ ಕಲ್ಲು, ಏರು.

"ನನ್ ಮಗಂಗೆ ಬೆಟ್ಟ ಹತ್ತೋ ಗೇರ್ ಸೈಕಲ್ಲೇ ಕೊಡುಸ್ತೀನಿ, ಎಷ್ಟಾರಾ ಆಗ್ಲಿ" ಎಂದ ಅಪ್ಪ.

ಬೆಂಗಳೂರಿನ ಒಂದು ಅಂಗಡಿಗೆ ಅಪ್ಪ, ಅಣ್ಣ, ನಾನು ಮೂವರೂ ಹೋದೆವು. ಅಂಗಡಿಯವರು ಎರಡು ಸೈಕಲ್ ಮುಂದಿಟ್ಟರು. ಒಂದು ಬೂದಿ ಬಣ್ಣದ್ದು, ಬೋಳು ಬೋಳು. ಇನ್ನೊಂದು ಕೆಂಪಗೆ ಮದುವಣಿಗನಂತೆ ನಿಂತಿತ್ತು. ಮುಂದೊಂದು ಸ್ಪ್ರಿಂಗ್, ಸೀಟಿನ ಕೆಳಗೊಂದು ಸ್ಪ್ರಿಂಗ್, ದಪ್ಪ ದಪ್ಪ ಪೈಪು. ಆದರೆ ಬೋಳು ಸೈಕಲ್ಲಿಗೇ ಕೆಂಪಿನ ಎರಡರಷ್ಟು ಬೆಲೆ!

"ಯಾರು ಓಡಿಸೋದು, ಎಲ್ಲಿ ಓಡಿಸೋದು, ಮೊದಲು ಅದು ಹೇಳಿ" ಎಂದರು ಅಂಗಡಿಯವರು. ಅಣ್ಣ ಹೇಳಿದ, ಎದೆಯ ವಿಷಯವನ್ನೂ ಹೇಳಿದ. "ಹಾಗಾದ್ರೆ ಬೂದಿ ಬಣ್ಣದ್ದೇ ತಗೊಳ್ಳಿ. ಇದರ ಪೈಪು ತುದೀಲಿ ದಪ್ಪ, ನಡುವೆ ತೆಳ್ಳಗೆ. ಗಟ್ಟಿನೂ ಇರಬೇಕು, ಹಗುರಾನೂ ಇರಬೇಕು, ಅಂಥ ಪೈಪು ಮಾಡೋಕೇ ದುಡ್ಡು. ಚಕ್ರ ಹಗುರ, ಬ್ರೇಕ್ ಒಂದು ಬೆರಳಿಗೆ ಹಿಡಿಯುತ್ತೆ. ಆ ಸ್ಪ್ರಿಂಗ್ ಇದೆಯಲ್ಲ, ಈ ಬೆಲೆಗೆ ಬರೋದು ಬರೀ ತೋರಿಕೆ. ಏರಿನಲ್ಲಿ ನೀವು ತುಳಿದ ಬಲಾನೆಲ್ಲ ಅದೇ ತಿಂದುಹಾಕುತ್ತೆ. ನಂಬಿಕೆ ಇಲ್ಲದಿದ್ದರೆ ಎರಡನ್ನೂ ಒಂದೇ ಕೈಲಿ ಎತ್ತಿ ನೋಡಿ."

ಅಣ್ಣ ಬೂದಿ ಬಣ್ಣದ್ದನ್ನು ಒಂದೇ ಕೈಯಲ್ಲಿ ಎತ್ತಿ ನಕ್ಕ. ಅವನು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ಅಪ್ಪ ಎತ್ತಲಿಲ್ಲ. ಪೈಪನ್ನು ಹೆಬ್ಬೆರಳಿನಿಂದ ಒತ್ತಿದ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಬೂದಿಯದರಿಂದ ತೆಳ್ಳಗೆ ಟಣ್ ಎಂದು ಸದ್ದು ಬಂತು, ಕೆಂಪಿನಿಂದ ದಪ್ಪ ಸದ್ದು ಬಂತು. ಮುಗಿಯಿತಲ್ಲ!

"ಕಬ್ಬಿಣ ಕಮ್ಮಿ, ಕಾಸು ಜಾಸ್ತಿ? ಯಾರ್ ಕಿವಿಗೆ ಹೂ ಮಡುಗ್ತೀರಾ ಸಾಮಿ?" ಎಂದ ಅಪ್ಪ. "ಸೈಕಲ್ ತಕ್ಕೊಳೋದು ಓಡ್ಸಕ್ಕೆ. ಎತ್ಕೊಂಡು ತಿರ್ಗಕ್ಕಾ?"

ಅವನು ಜಿಪುಣನಲ್ಲ. ಕೆಂಪಿನದಕ್ಕೇ ಆ ಬೆಲೆ ಹೇಳಿದ್ದರೆ ಕಣ್ಣು ಮುಚ್ಚಿಕೊಂಡು ಕೊಟ್ಟುಬಿಡುತ್ತಿದ್ದ. "ಅಪ್ಪ, ಅಣ್ಣನ್ನ ಒಸಿ ಕೇಳು" ಎಂದೆ. "ನೀನ್ ಸುಮ್ಕಿರವ್ವ. ಗೂಡು ಕುಲುಕಿ ಹೇಳೋನು ನಾನು" ಎಂದು ನನ್ನ ಬಾಯಿ ಮುಚ್ಚಿಸಿದ.

ಅಣ್ಣ ಬೂದಿ ಬಣ್ಣದ ಸೈಕಲ್ಲನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. "ಕೆಂಪೇ ಚೆಂದಾಗೈತೆ ಬುಡಪ್ಪ" ಎಂದ. ಅಪ್ಪನಿಗೆ ಎಂದೂ ಎದುರಾಡಿದವನಲ್ಲ. ಹಾಳು ಗುಣ! ನೆನೆದರೆ ಈಗಲೂ ನನಗೆ ಕೋಪ ಬರುತ್ತದೆ. ಹಮಾಲಿಯೊಬ್ಬ ಕೆಂಪು ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿದ, ಊರಲ್ಲಿ ಇನ್ನೊಬ್ಬ ಇಳಿಸಿದ.

ಇಳಿಜಾರಿನಲ್ಲಿ ಅದು ಸೊಗಸಾಗಿಯೇ ಹೋಗುತ್ತಿತ್ತು. ಏರಿನಲ್ಲಿ ಒಂದು ಸಲ ತುಳಿದರೆ ಸ್ಪ್ರಿಂಗು ಕುಸಿದು ಏಳುತ್ತಿತ್ತು, ಸೈಕಲ್ಲು ಮುಂದೆ ಹೋಗುತ್ತಿರಲಿಲ್ಲ. ಅಣ್ಣ ಬೆವರಿಳಿಸಿಕೊಂಡು ಬಂದು ಜಗಲಿಯ ಕಂಬ ಹಿಡಿದು ನಿಲ್ಲುತ್ತಿದ್ದ.

"ಏನ್ಲಾ ಮಗ, ಹಿಂಗ್ ಏದುಸಿರು?" ಎಂದು ಅವ್ವ ಬಿಸಿನೀರು ತರುತ್ತಿದ್ದಳು.

"ಏರು ಕಣವ್ವ. ಒಸಿ ಸುಧಾರಿಸ್ಕತೀನಿ."

ಸೈಕಲ್ಲಿನ ಬಗ್ಗೆ ಒಂದು ಮಾತಿಲ್ಲ. ಅಪ್ಪನೋ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು, "ಎರಡೂ ಕಡೆ ಸ್ಪ್ರಿಂಗ್ ಐತೆ ಕಣ್ಲಾ!" ಎಂದು ತೋರಿಸುತ್ತಿದ್ದ.

ಚಳಿಗಾಲ ಬಂತು. ಮಂಜು ಬಿದ್ದ ಒಂದು ಬೆಳಗ್ಗೆ ಅಣ್ಣ ಎಂದಿನಂತೆ ಹೊರಟ. ಮಧ್ಯಾಹ್ನ ಒಂದು ಟೆಂಪೋ ನಮ್ಮ ಮನೆ ಮುಂದೆ ನಿಂತಿತು. ಒಳಗೆ ಅಣ್ಣನನ್ನು ಮಲಗಿಸಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಉಸಿರು ನಿಂತಿತ್ತು. ಜೊತೆಯಲ್ಲಿ ಬಂದಿದ್ದ ಕುರಿ ಕಾಯುವವನು ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಹೇಳಿದ:

"ಸೈಕಲ್ ತಳ್ಕೊಂಡು ಏರು ಹತ್ತುತಿದ್ರು, ಉಸಿರೇ ಸಿಕ್ತಿರ್ನಿಲ್ಲ. ಇಲ್ಲೇ ಬುಟ್ಬುಡಿ ಸಾಮಿ, ನಾನು ನೋಡ್ಕತೀನಿ, ನೀವು ಕೂತ್ಕಳಿ ಅಂದೆ. ಇಲ್ಲ, ನಮ್ಮಪ್ಪ ಆಸೆಪಟ್ಟು ಕೊಡ್ಸಿದ್ದು ಅಂತ ತಳ್ತಾನೇ ಇದ್ರು."

ಅವ್ವ ಮಗನ ಮೇಲೆ ಬಿದ್ದು ಅಳುತ್ತಿದ್ದಳು. ಅಪ್ಪ ಅಳಲಿಲ್ಲ. ಟೆಂಪೋದ ಮೂಲೆಯಲ್ಲಿದ್ದ ಸೈಕಲ್ಲನ್ನು ಇಳಿಸಲು ಒಂದು ಕೈ ಹಾಕಿ ಎಳೆದ. ಅದು ಮೇಲೇಳಲಿಲ್ಲ. ಎರಡೂ ಕೈ ಹಾಕಿ, ಎದೆಗೆ ಆನಿಸಿಕೊಂಡು ಎತ್ತಿದ. ಭಾರ ತಡೆಯಲಾಗದೆ ಸೈಕಲ್ಲಿನ ಸಮೇತ ನೆಲಕ್ಕೆ ಕೂತ. ಅವನು ಅದನ್ನು ಎತ್ತಿದ್ದು ಅದೇ ಮೊದಲು.

"ಇಷ್ಟು ಭಾರ ಇತ್ತೇನವ್ವ, ಇದು?" ಎಂದು ನನ್ನ ಮುಖ ನೋಡಿದ.

ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿರಲಾಗಲಿಲ್ಲ.

"ಹೂಂ ಅಪ್ಪ" ಎಂದೆ. "ಅಂಗ್ಡೀಲೂ ಇಷ್ಟೇ ಭಾರ ಇತ್ತು."