ಇನ್ನೊಂದ್ಸಲ ಅಕ್ಕ

ಪ್ರಯೋಗಾಲಯದಲ್ಲಿ ಪ್ರೋಟಾನ್ ಯಂತ್ರ ನಡೆಸುವ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ‘ಇನ್ನೊಂದ್ಸಲ ಅಕ್ಕ’. ಮನೆಯ ಸ್ಟವ್ ಆರಿಸಿದ್ದನ್ನು ಮೂರು ಬಾರಿ ನೋಡಿದ ಮೇಲೂ ಬೀದಿಯ ತುದಿಯಿಂದ ಹಿಂತಿರುಗುವ ಜೀವ ಅದು. ಕೂದಲೆಳೆಯನ್ನು ಸಾವಿರ ಸೀಳು ಮಾಡಿದರೂ ಅದಕ್ಕಿಂತ ಸಣ್ಣದಾದ ಇಂಗಾಲದ ನಳಿಗೆಗಳೊಳಗೆ ಅತಿವೇಗದ ಪ್ರೋಟಾನುಗಳನ್ನು ತೂರಿಸುವುದು ಅವಳ ಕೆಲಸ. ನೇರ ಹೊಕ್ಕರೆ ಅವು ಗೋಡೆಗೆ ತಾಗದೆ ಜಾರಿ ಹೋಗುತ್ತವೆ; ಚೂರು ವಾಲಿದರೂ ಗೋಡೆಗೆ ಬಡಿದು ನಳಿಗೆಯನ್ನೇ ಕೆಡಿಸುತ್ತವೆ. ಹಾಗಾಗಿ ಅವಳು ಕೋನ ಅಳೆದಷ್ಟು ಸಲ ಅಕ್ಕಸಾಲಿಗನೂ ಚಿನ್ನ ತೂಗಿರಲಾರ. ಆ ದಿನ ಯಂತ್ರ ಸಿಕ್ಕಿದ್ದು ಮಧ್ಯಾಹ್ನದವರೆಗೆ ಮಾತ್ರ, ಉಳಿದದ್ದು ಹತ್ತೇ ನಿಮಿಷ. ಯಂತ್ರ ಓಡುವಾಗ ಪ್ರೋಟಾನು ಹಾಯುವ ಒಳಕೋಣೆಯಲ್ಲಿ ಯಾರಿದ್ದರೂ ಜೀವಕ್ಕೇ ಕುತ್ತು; ಹೊರಬರಲು ಎಚ್ಚರಿಸುವ ಗಂಟೆ ಬಾರಿಸಿಯಾಗಿತ್ತು, ಕೋಣೆ ಖಾಲಿಯೆಂದು ಹೇಳುವ ಹಸಿರು ದೀಪವೂ ಹೊತ್ತಿತ್ತು. “ಒತ್ತಮ್ಮಾ, ಆರು ತಿಂಗಳ ಕೆಲಸ ಮಣ್ಣುಪಾಲಾಗುತ್ತೆ!” ಎಂದು ಪ್ರೊಫೆಸರು ಗದರಿದರು. ಅವಳು ಗುಂಡಿಯ ಮೇಲಿಂದ ಬೆರಳು ತೆಗೆದಳು. “ಇನ್ನೊಂದ್ಸಲ ನೋಡ್ಬಿಡ್ತೀನಿ ಸಾರ್,” ಎಂದವಳೇ ಯಂತ್ರದ ಕೀಲಿ ಕಿತ್ತುಕೊಂಡು ಒಳಗೆ ಓಡಿದಳು. ಅಲ್ಲಿ ಕಾಂಕ್ರೀಟ್ ಗೋಡೆಯ ಮರೆಯಲ್ಲಿ, ನೆಲ ಒರೆಸುವ ಕಿವುಡಜ್ಜಿ ಮಂಡಿಯೂರಿ ಕೂತಿದ್ದಳು. ಇವಳನ್ನು ಕಂಡು ನಕ್ಕು, “ಕಾಲಿಡ್ಬೇಡ ಮಗಳೇ, ಇನ್ನೂ ಒದ್ದೆ ಇದೆ” ಎಂದಳು. ಅಕ್ಕ ಆ ಒದ್ದೆಯ ಮೇಲೇ ಕುಸಿದು ಕೂತಳು.