ದೋಣಿಯ ಇಂಜಿನ್ನಿಗೆ ಎನಿಮಾ ಬಲ್ಬು

ಎಂಬತ್ತರ ದಶಕದ ನಡುವೆ ನಾನು ಜೇವರ್ಗಿ ತಾಲೂಕಿನ ಒಂದು ಹೊಳೆದಂಡೆಯ ಹಳ್ಳಿಯಲ್ಲಿ ನರ್ಸ್ ಆಗಿದ್ದೆ. ಮಳೆಗಾಲ ಹಿಡಿಯಿತೆಂದರೆ ಎರೆಮಣ್ಣಿನ ದಾರಿ ಕೆಸರಾಗಿ ಬಸ್ಸು ನಿಲ್ಲುತ್ತಿತ್ತು. ಆಗ ಲಸಿಕೆ ತರಬೇಕಾದರೆ ಭೀಮಾ ನದಿ ದಾಟಿ ಆಚೆಯ ಅಫಜಲಪುರದ ರಸ್ತೆ ಹಿಡಿಯಬೇಕು. ಲಸಿಕೆಯ ಡಬ್ಬಿಯಲ್ಲಿ ಮಂಜುಗಡ್ಡೆ ಇರುತ್ತಿತ್ತು, ದೋಣಿ ತಡವಾದಷ್ಟೂ ಅದು ಕರಗುತ್ತಿತ್ತು. ಹೀಗಾಗಿ ದೋಣಿಗೆ ಇಂಜಿನ್ ಬಂದಾಗ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ ಇರಬೇಕು.

ದೋಣಿ ಊರಿನ ಅಂಬಿಗರ ಮನೆಯ ಗಂಡ ಹೆಂಡತಿ ಇಬ್ಬರದು. ಇಂಜಿನ್ ತಂದುಕೊಟ್ಟವನು ಹೆಂಡತಿಯ ತಮ್ಮ. ಮುಂಬಯಿಯ ಬಂದರಿನಲ್ಲಿ ದುಡಿಯುತ್ತಿದ್ದ ಆತ ಮೀನುಗಾರರ ಹಳೆಯ ಟೂ ಸ್ಟ್ರೋಕ್ ಇಂಜಿನ್ನೊಂದನ್ನು ಗೋಣಿಚೀಲದಲ್ಲಿ ಸುತ್ತಿ ತಂದು, ದೋಣಿಯ ಹಿಂಬದಿಗೆ ಕಚ್ಚಿಸಿ, ಅಕ್ಕನಿಗೆ ನಡೆಸುವುದನ್ನು ಕಲಿಸಿ ಹೋದ. ಗಂಡ ಅದರ ಹತ್ತಿರ ಸುಳಿಯಲಿಲ್ಲ. ಅವನು ಮುಂದೆ ತಳಕ್ಕೆ ಊರಿ ದೋಣಿ ನೂಕುವ ಬಿದಿರಿನ ಜಲ್ಲೆ ಹಿಡಿದು ನಿಲ್ಲುತ್ತಿದ್ದ, ಹಿಂದೆ ಹೆಂಡತಿ ಇಂಜಿನ್ ನೋಡಿಕೊಳ್ಳುತ್ತಿದ್ದಳು.

ಆಯಿಲ್ ಬೆರೆಸಿದ ಪೆಟ್ರೋಲಿನ ಕ್ಯಾನು ಅವಳ ಕಾಲ ಹತ್ತಿರ ಇರುತ್ತಿತ್ತು. ಅಲ್ಲಿಂದ ಇಂಜಿನ್ನಿಗೆ ಒಂದು ರಬ್ಬರ್ ಪೈಪು, ಪೈಪಿನ ನಡುವೆ ಮೊಟ್ಟೆಯಂಥ ಒಂದು ಬಲ್ಬು. ಆ ಬಲ್ಬನ್ನು ಹಿಸುಕಿ ಹಿಸುಕಿ, ಕೈಗೆ ಗಟ್ಟಿ ಹತ್ತಿದ ಮೇಲೆ ಹಗ್ಗ ಜಗ್ಗಬೇಕು. ಆಗಲೇ ಇಂಜಿನ್ ಹಿಡಿಯುವುದು.

ಒಂದು ಬೇಸಿಗೆಯ ಬಿಸಿಲಿಗೆ ಬಲ್ಬು ಬಿರುಕು ಬಿಟ್ಟಿತು. ಮಳೆಗಾಲದ ಮೊದಲ ವಾರ ನಾನು ಡಬ್ಬಿ ಹಿಡಿದು ದಂಡೆಗೆ ಹೋದಾಗ ಅವಳು ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುತ್ತ ಕೂತಿದ್ದಳು.

“ಗಾಳಿ ಜಗ್ಗಾಕತ್ತದ ಬಾಯಾರ. ಎಷ್ಟು ಹಿಸುಕಿದ್ರೂ ಪೆಟ್ರೋಲ್ ಏರವಲ್ದು,” ಎಂದಳು.

ನಾನು ಅದನ್ನು ಕೈಗೆ ತೆಗೆದುಕೊಂಡು ನೋಡಿದೆ. ನಮ್ಮ ಉಪಕೇಂದ್ರದಲ್ಲಿ ಎನಿಮಾ ಕೊಡುವ ಹಳೆಯ ರಬ್ಬರ್ ಬಲ್ಬು ಇದರ ತಂಗಿಯ ಹಾಗಿತ್ತು. ಅದಕ್ಕೂ ಎರಡೂ ಕಡೆ ಪೈಪು, ಒಳಗೆ ಒಂದೇ ದಿಕ್ಕಿಗೆ ಬಿಡುವ ವಾಲ್ವು. ಮೂತಿ ಮುರಿದದ್ದರಿಂದ ಅದನ್ನು ಬದಿಗಿಟ್ಟಿದ್ದೆವು. ಬೇಕಾದರೆ ಅದನ್ನು ತಂದುಕೊಡುತ್ತೇನೆ ಎಂದೆ, ಅದು ಯಾವುದಕ್ಕೆ ಬಳಸುವಂಥದ್ದು ಎಂಬುದನ್ನೂ ಅವಳಿಗೆ ಮೊದಲೇ ಹೇಳಿದೆ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ತೊಳದು ಕೊಡ್ರಿ. ಇಂಜಿನ್ನಿಗಿ ಏನ್ ಗೊತ್ತಾಗ್ತದ?”

ಜೋಡಿಸುವ ಕೆಲಸ ಇಬ್ಬರೂ ಸೇರಿ ಮಾಡಿದೆವು. ಹಳೆಯ ಪೈಪಿನ ತುದಿಗಳನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಬಲ್ಬಿನ ಕೊಳವೆಗೆ ಏರಿಸಿ, ಮೇಲೆ ತಂತಿ ಬಿಗಿದೆವು. ಎರಡನೆಯ ಜಗ್ಗಿಗೆ ಇಂಜಿನ್ ಹಿಡಿಯಿತು. ಗಂಡ ಮುಂದೆ ನಿಂತಲ್ಲಿಂದ ಒಮ್ಮೆ ತಿರುಗಿ ನೋಡಿದ, ಅಷ್ಟೆ.

ಕೆಲವು ದಿನ ಚೆನ್ನಾಗಿಯೇ ನಡೆಯಿತು. ಒಂದು ಮಧ್ಯಾಹ್ನ ನಾನು ಲಸಿಕೆ ತೆಗೆದುಕೊಂಡು ಮರಳಿ ಬರುತ್ತಿದ್ದೆ. ನನ್ನ ಜೊತೆ ಮೇಕೆ ಹಿಡಿದುಕೊಂಡ ಒಬ್ಬ ರೈತನೂ ಇದ್ದ. ನೀರು ಕೆಂಪಗೆ ತುಂಬಿ ಹರಿಯುತ್ತಿತ್ತು. ನಡುಹೊಳೆಯಲ್ಲಿ ಇಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಅವಳು ಬಲ್ಬು ಹಿಸುಕಿದಳು. ಅದು ಹಿಸುಕಿದಲ್ಲೇ ತಗ್ಗಾಗಿ ಉಳಿಯಿತು. ಪೆಟ್ರೋಲ್ ಕುಡಿದು ರಬ್ಬರ್ ಉಬ್ಬಿ, ನಾದಿದ ಕಣಕದಂತಾಗಿ ಬೆರಳಿಗೆ ಅಂಟುತ್ತಿತ್ತು. ನಮ್ಮ ಬಲ್ಬು ನೀರಿಗಾಗಿ ಮಾಡಿದ್ದು, ಪೆಟ್ರೋಲಿಗಲ್ಲ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ದೋಣಿ ಅಡ್ಡ ತಿರುಗಿ ಸೆಳವಿನ ಜೊತೆ ಹೊರಟಿತು. ರೈತ ಮೇಕೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ. ನಾನು ಡಬ್ಬಿಯನ್ನು ತಬ್ಬಿಕೊಂಡೆ.

“ಯಾರೂ ಏಳಬ್ಯಾಡ್ರಿ, ಕುಂದರ್ರಿ!” ಎಂದು ಗಂಡ ಕೂಗಿದ. ಹೆಂಡತಿಯ ಕಡೆ ತಿರುಗಿ, “ಏ, ಅದನ್ನ ಬಿಡು. ಹುಟ್ಟು ತಗೋ,” ಎಂದ.

ಅವಳು ಹುಟ್ಟು ಹಾಕಿದಳು. ಜಲ್ಲೆಗೆ ತಳ ಸಿಗುತ್ತಿರಲಿಲ್ಲ, ಅವನೂ ಇನ್ನೊಂದು ಹುಟ್ಟು ತೆಗೆದುಕೊಂಡ. ಇಬ್ಬರೂ ಒಂದೇ ಅಳತೆಯಲ್ಲಿ ಹುಟ್ಟು ಹಾಕಿದರು. ಊರು ದಾಟಿ ಬಹಳ ಕೆಳಗೆ, ಒಂದು ಕಬ್ಬಿನ ಹೊಲದ ಅಂಚಿಗೆ ದೋಣಿ ಹತ್ತಿತು. ಅಲ್ಲಿಂದ ಕೆಸರಿನಲ್ಲಿ ನಡೆದು ಊರು ಸೇರುವಷ್ಟರಲ್ಲಿ ಮಂಜುಗಡ್ಡೆ ನೀರಾಗಿತ್ತು. ಆ ವಾರದ ಲಸಿಕೆ ಹಾಳಾಯಿತು.

ಗಂಡ ಅವಳನ್ನು ಬೈಯುತ್ತಾನೆ, ಇಂಜಿನ್ ಬಿಚ್ಚಿ ಎಸೆಯುತ್ತಾನೆ ಎಂದು ನಾನು ಎಣಿಸಿದ್ದೆ. ಅವನು ಮರುದಿನ ಸೊಲ್ಲಾಪುರಕ್ಕೆ ಹೋದನಂತೆ. ಮರಳಿ ಬಂದದ್ದು ಕಪ್ಪು ಪೈಪಿನ ಸುರುಳಿ, ಹೊಸ ಬಲ್ಬು, ಬಿಗಿಯುವ ಕ್ಲಿಪ್ಪುಗಳ ಸಮೇತ. ತಾನೇ ಜೋಡಿಸುತ್ತೇನೆಂದು ಹಟ ಹಿಡಿದು ಕೂತ. ಅವಳು ದಂಡೆಯ ಕಲ್ಲಿನ ಮೇಲೆ ಕೂತು ಜೋಳದ ಹಿಟ್ಟು ಸಾಣಿಸುತ್ತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ.

ಅವನು ಎಲ್ಲ ಬಿಗಿದು ಬಲ್ಬು ಹಿಸುಕಿದ. ಗಟ್ಟಿಯಾಗಲಿಲ್ಲ. ಹಗ್ಗ ಜಗ್ಗಿದ, ಮತ್ತೆ ಜಗ್ಗಿದ. ಬೆವರು ಒರೆಸಿಕೊಂಡ.

“ಮೋಸ ಮಾಡ್ಯಾನ ಅಂಗಡಿಯವ,” ಎಂದ.

ಅವಳು ಜರಡಿಯಿಂದ ತಲೆ ಎತ್ತಲಿಲ್ಲ. “ಬಲ್ಬಿನ ಮ್ಯಾಲ ಬಾಣ ಅದ ನೋಡ್ರಿ. ಅದು ಇಂಜಿನ್ ಕಡಿ ಮಾರಿ ಮಾಡಿರಬೇಕು.”

“ಮೊದಲೇ ನೋಡಿದ್ದೇನು ನೀ?”

“ಹೌದ್ರಿ.”

“ಮತ್ತ ಹೇಳಬಾರ್ದಿತ್ತು?”

“ನೀವು ಕೇಳ್ಲಿಲ್ಲಲ್ರಿ.”

ಅವನು ಕ್ಲಿಪ್ಪು ಸಡಿಲಿಸಿ ಬಲ್ಬನ್ನು ತಿರುಗಿಸಿ ಹಾಕಿದ. ಇಂಜಿನ್ ಹೊಗೆ ಉಗುಳುತ್ತ ಹತ್ತಿದಾಗ ಅವನ ಮುಖದಲ್ಲಿ ಮೂಡಿದ ನಗುವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಂದಿನಿಂದ ಹಗ್ಗ ಜಗ್ಗುವವನು ಅವನೇ ಆದ. ಎರಡು ಮಳೆಗಾಲದ ನಂತರ ನನ್ನನ್ನು ಆಳಂದ ತಾಲೂಕಿನ ನರೋಣಾ ಕಡೆಗೆ ವರ್ಗ ಮಾಡಿದರು. ಕೊನೆಯ ಸಲ ದಾಟುವಾಗ ಅವಳು ಮುಂದೆ ನನ್ನ ಜೊತೆ ಕೂತು ಎಲೆ ಅಡಿಕೆ ಹಾಕಿಕೊಂಡಳು. ಇಂಜಿನ್ ಸದ್ದಿನಲ್ಲಿ ಹೆಚ್ಚು ಮಾತಾಡಲು ಆಗಲಿಲ್ಲ. ಆಚೆ ದಂಡೆಯಲ್ಲಿ ಬಸ್ಸು ಆಗಲೇ ಬಂದು ನಿಂತಿತ್ತು.