ರಾಜಕೀಯ ಗೊತ್ತಿಲ್ಲದ ಅಂಬಿಗ

ಏಣಿ ಹೊತ್ತವನನ್ನು ಯಾವ ಊರಿನ ಪೊಲೀಸನೂ ತಡೆಯುವುದಿಲ್ಲ. ಅನಸ್ತಾಸಿಯೋ ಓವೆಲಾರ್ ಬ್ಯೂನಸ್ ಐರಿಸ್‌ನ ಮೆಕ್ಸಿಕೋ ರಾಯಭಾರ ಕಚೇರಿಯೊಳಗೆ ಕಾಲಿಟ್ಟದ್ದು ಹಾಗೆಯೇ. ಭುಜದ ಮೇಲೆ ಏಣಿ, ಕೈಯಲ್ಲಿ ಹಸಿರು ಬಣ್ಣದ ಡಬ್ಬಿ. ಗೇಟಿನ ಪೇದೆ ತಾನೇ ಸರಿದು ನಿಂತು, "ನೋಡ್ಕೊಂಡು ಹೋಗಯ್ಯ, ಬೂಟಿನ ಮೇಲೆ ಚೆಲ್ಲೀಯ" ಎಂದನಂತೆ. ಈತ ಒಳಗೆ ಹೋಗಿ, ಏಣಿಯನ್ನು ಗೋಡೆಗೆ ಒರಗಿಸಿ, ಡಬ್ಬಿ ಕೆಳಗಿಟ್ಟು, ಮೊದಲು ಕಂಡ ಹೆಂಗಸಿಗೆ ಟೋಪಿ ತೆಗೆದು, "ನನ್ನನ್ನ ಹೊರಗೆ ಕಳಿಸ್ಬೇಡಿ ಸೆನ್ಯೋರಾ" ಎಂದ. ಆಮೇಲೆ ಏಣಿಯ ಕೆಳಗಿನ ಮೆಟ್ಟಿಲ ಮೇಲೇ ಕೂತುಬಿಟ್ಟ.

ಎಲ್ಲರೂ ತಾಸಿಯೋ ಎಂದೇ ಕರೆಯುತ್ತಿದ್ದ ಈ ಮನುಷ್ಯ ಪರಗ್ವೆಯವನು. ಐವತ್ತೆಂಟು ವರ್ಷ. ಪರಾನಾ ನದಿಯ ದಡದ ಒಂದು ಸಣ್ಣ ರೇವಿನಲ್ಲಿ ಹುಟ್ಟಿ, ಅಲ್ಲೇ ದೋಣಿ ನಡೆಸಿಕೊಂಡಿದ್ದವನು. ನಾಲ್ಕು ವರ್ಷದ ಹಿಂದೆ ನದಿ ದಾಟಿ ಅರ್ಜೆಂಟೀನಾಕ್ಕೆ ಬಂದು, ಬ್ಯೂನಸ್ ಐರಿಸ್‌ನ ಬಂದರಿನಲ್ಲಿ ಹಳೇ ದೋಣಿಗಳ ಬಿರುಕಿಗೆ ನಾರು ತುರುಕಿ ಟಾರು ಬಳಿಯುವ ಕೆಲಸ ಹಿಡಿದಿದ್ದ. ಹೆಂಡತಿ ಪಾಬ್ಲಾ ಮರಗೆಣಸಿನ ಹಿಟ್ಟು, ಗಿಣ್ಣು ಕಲಸಿ ಚಿಪಾ ಎಂಬ ಪುಟ್ಟ ರೊಟ್ಟಿ ಸುಟ್ಟು ರೈಲು ನಿಲ್ದಾಣದಲ್ಲಿ ಮಾರುತ್ತಿದ್ದಳು. ಹೇಗೋ ನಡೆಯುತ್ತಿತ್ತು.

ಅಷ್ಟರಲ್ಲಿ ಪರಗ್ವೆ ಸರ್ಕಾರದಿಂದ ಇಲ್ಲಿನ ಸರ್ಕಾರಕ್ಕೆ ಕಾಗದ ಬಂತು. ಅನಸ್ತಾಸಿಯೋ ಓವೆಲಾರ್ ಎಂಬ ಕಳ್ಳ, ರೇವಿನ ಅಧಿಕಾರಿಯ ಒಂದು ಮೋಟಾರು ದೋಣಿಯನ್ನೂ ಒಂದು ಟೋಪಿಯನ್ನೂ ಕದ್ದು ಓಡಿದ್ದಾನೆ, ಹಿಡಿದು ಒಪ್ಪಿಸಿ. ಈ ಕಡೆಯ ನ್ಯಾಯಾಧೀಶರು ಕಾಗದ ಓದಿ, ಕಳ್ಳತನ ತಾನೇ, ಒಪ್ಪಿಸಿದರಾಯಿತು ಎಂದರು. ಹಾಗೆ ಒಪ್ಪಿಸಲಾದವರಲ್ಲಿ ಯಾರೊಬ್ಬರೂ ತಿರುಗಿ ಮನೆ ಸೇರಿದ್ದಿಲ್ಲ. ಅದು ಪಾಬ್ಲಾಗೆ ಗೊತ್ತಿತ್ತು. ಏಣಿಯ ಉಪಾಯ ಅವಳದೇ.

ಒಳಗೆ ಬಂದ ಮಾತ್ರಕ್ಕೆ ಬದುಕಿದ ಎನ್ನುವ ಹಾಗಿರಲಿಲ್ಲ. ರಾಜಕೀಯದ ಕಾರಣಕ್ಕೆ ಅಟ್ಟಿಸಿಕೊಂಡು ಬಂದವರಿಗೆ ರಾಯಭಾರ ಕಚೇರಿ ನೆರಳು ಕೊಡುತ್ತದೆ, ಕಳ್ಳರಿಗೆ ಕೊಡುವುದಿಲ್ಲ. ತಾಸಿಯೋ ಇದರಲ್ಲಿ ಯಾರು ಎಂದು ಬರೆದು, ಸೋಮವಾರದೊಳಗೆ ರಾಯಭಾರಿಯ ಮೇಜಿನ ಮೇಲೆ ಇಡಬೇಕಾದವಳು ಆತ ಮೊದಲು ಕಂಡ ಆ ಹೆಂಗಸೇ, ಕಾರ್ಯದರ್ಶಿ ಒರ್ತೆನ್ಸಿಯಾ ಅರಿಸ್ಮೆಂದಿ. ಕಳ್ಳ ಎಂದು ಬರೆದರೆ ಅದೇ ಗೇಟು, ಅದೇ ಪೇದೆ, ಪಕ್ಕದಲ್ಲಿ ಕಾಯುತ್ತಿದ್ದ ಜೀಪು.

ಒರ್ತೆನ್ಸಿಯಾ ಕೆಟ್ಟವಳಲ್ಲ. ಉಳಿಸಬೇಕೆಂದೇ ಕೂತವಳು. ಆದರೆ ಉಳಿಯಬೇಕಾದವನ ಬಾಯಿ ಹೇಗಿತ್ತು ಕೇಳಿ.

"ಯಾವ ಪಕ್ಷ ನಿಮ್ದು?"

"ಛೆ ಛೆ! ನನಗೆ ರಾಜಕೀಯ ಗೊತ್ತೇ ಇಲ್ಲ ಸೆನ್ಯೋರಾ."

"ಸಂಘ ಏನಾದ್ರೂ? ಸಭೆ, ಮೆರವಣಿಗೆ?"

"ದೇವರಾಣೆ ಇಲ್ಲ. ನಾನಾಯ್ತು, ನನ್ನ ದೋಣಿ ಆಯ್ತು."

"ನಿಮ್ಮ ದೇಶ ಆಳ್ತಿರೋ ಜನರಲ್ ಬಗ್ಗೆ ಏನನ್ಸುತ್ತೆ?"

"ದೊಡ್ಡೋರು. ನೂರು ವರ್ಷ ಬಾಳಲಿ."

ಒರ್ತೆನ್ಸಿಯಾ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ದೋಣಿ ತಗೊಂಡಿದ್ದು ನಿಜವಾ?"

"ನಿಜ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಟೋಪಿ ನಾನು ಕದ್ದಿಲ್ಲ! ಅದು ದೋಣಿಯೊಳಗೇ ಇತ್ತು. ಹಾರಿ ಹೋಗ್ದೆ ಇರ್ಲಿ ಅಂತ ಮೇಲೆ ಕಲ್ಲಿಟ್ಟು, ಹಾಗೇ ಬಿಟ್ಟು ಬಂದಿದೀನಿ. ಕಳ್ಳ ಅಂತ ಮಾತ್ರ ಬರೀಬೇಡಿ."

"ಮತ್ತೆ ರಾಜಕೀಯ ಅಂತ ಬರೀಲಾ?"

"ಅಯ್ಯಯ್ಯೋ! ಅದಂತೂ ಬೇಡವೇ ಬೇಡ!"

"ತಾಸಿಯೋ, ಎರಡರಲ್ಲಿ ಒಂದು ಬರೀಲೇಬೇಕು. ಮೂರನೇದು ಅಂತ ಇಲ್ಲ."

ತಾಸಿಯೋ ತನ್ನ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಅದರ ಅಂಚು ತಿರುವತೊಡಗಿದ.

ಅವನನ್ನು ಮೂರ್ಖ ಎನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ಆ ದೇಶದಲ್ಲಿ ಮಗು ಅಮ್ಮ ಎಂದದ್ದಾದ ಮೇಲೆ ಎರಡನೆಯದಾಗಿ ಕಲಿಯುವ ಮಾತೇ ಅದು, "ನನಗೆ ರಾಜಕೀಯ ಗೊತ್ತಿಲ್ಲ". ಪೇದೆ ಬಾಗಿಲು ತಟ್ಟಿದರೆ ಅದು, ಪಕ್ಕದ ಮನೆಯವನು ಕಾಣೆಯಾದರೆ ಅದು, ಪಾದ್ರಿ ಕ್ಷೇಮ ಕೇಳಿದರೂ ಅದೇ. ಆ ಒಂದು ಮಾತು ಐವತ್ತೆಂಟು ವರ್ಷ ತಾಸಿಯೋನ ತಲೆ ಕಾದಿತ್ತು. ಈಗ ಅದೇ ಮಾತು ಅವನನ್ನು ಗೇಟಿನ ಕಡೆ ತಳ್ಳುತ್ತಿತ್ತು, ಅವನಿಗೆ ಅದು ತಿಳಿಯುತ್ತಲೂ ಇರಲಿಲ್ಲ.

ಅದೇ ಕಟ್ಟಡದಲ್ಲಿ ಎರಡು ತಿಂಗಳಿಂದ ಆಶ್ರಯ ಪಡೆದಿದ್ದ ಇನ್ನೊಬ್ಬ ಪರಗ್ವೆಯವರೆಂದರೆ ರೊಲೋನ್ ಮೇಷ್ಟ್ರು. ಪತ್ರಿಕೆಗೆ ನಾಲ್ಕು ಸಾಲು ಬರೆದು ಸಿಕ್ಕಿಬಿದ್ದಿದ್ದವರು. ವಿಚಾರಣೆಯ ಕತೆ ಕೇಳಿ ಹಣೆ ಹಣೆ ಚಚ್ಚಿಕೊಂಡರು.

"ಜನರಲ್ ನೂರು ವರ್ಷ ಬಾಳಲಿ ಅಂದ್ಯಾ? ಅಲ್ಲಯ್ಯ, ಅವನಿಂದ ತಪ್ಪಿಸ್ಕೊಂಡು ಬಂದು ಅವನಿಗೇ ಆಶೀರ್ವಾದ ಮಾಡ್ತೀಯಲ್ಲ!"

"ನಾಲಿಗೆ ತಾನಾಗೇ ಹೊರಳ್ತು ಮೇಷ್ಟ್ರೇ."

"ಅದನ್ನ ಸ್ವಲ್ಪ ಕಟ್ಟಿಹಾಕು. ಇಲ್ಲಾಂದ್ರೆ ಸೋಮವಾರ ನಿನ್ನ ಏಣಿ ನಿನಗೇ ವಾಪಸ್ ಕೊಡ್ತಾರೆ."

ಗುರುವಾರ ಪಾಬ್ಲಾ ಗೇಟಿಗೆ ಬಂದಳು. ಪೇದೆ ಅವಳ ಬುಟ್ಟಿಯ ಚಿಪಾಗಳನ್ನು ಒಂದೊಂದಾಗಿ ಮುರಿದು ನೋಡಿ, ಎರಡನ್ನು ತಾನೇ ತಿಂದು, ಮಿಕ್ಕದ್ದನ್ನು ಒಳಗೆ ಬಿಟ್ಟ. ಗಂಡ ಹೇಳದಿದ್ದರೆ ಹೆಂಡತಿಯಾದರೂ ಹೇಳಿಯಾಳು ಎಂದು ಒರ್ತೆನ್ಸಿಯಾ ಗೇಟಿನವರೆಗೆ ತಾನೇ ನಡೆದು ಬಂದಳು. ಕಂಬಿಯ ಸಂದಿಯಿಂದ ಮೆಲ್ಲಗೆ ಕೇಳಿದಳು, "ನಿಮ್ಮ ಯಜಮಾನ್ರು ಊರಲ್ಲಿ ಯಾರ ಜೊತೆ ಓಡಾಡ್ತಿದ್ರು? ಸರ್ಕಾರದ ವಿರುದ್ಧ ಏನಾದ್ರೂ..."

ಪಾಬ್ಲಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಉಂಟೇ ಸೆನ್ಯೋರಾ! ನನ್ನ ಗಂಡ ಚಿನ್ನದಂಥೋನು. ನಮ್ಮ ಮನೇಲಿ ರೇಡಿಯೋ ಕೂಡ ಇರ್ಲಿಲ್ಲ!"

ಗಂಡನನ್ನು ಕಾಪಾಡಿದೆ ಎಂಬ ಸಮಾಧಾನದಲ್ಲಿ ಅವಳು ಖಾಲಿ ಬುಟ್ಟಿ ಹಿಡಿದು ಹೊರಟಳು. ಒರ್ತೆನ್ಸಿಯಾ ಮಾತ್ರ ಕೈಚೆಲ್ಲಿ ನಿಂತಳು.

ಆ ಕಡೆ ಜನವರಿಯೆಂದರೆ ಕಡುಬೇಸಿಗೆ. ಸಂಜೆ ಹಿತ್ತಲ ಅಂಗಳದಲ್ಲಿ ತಾಸಿಯೋ ಮತ್ತು ಮೇಷ್ಟ್ರು ತೆರೆರೆಗೆ ಕೂತಿದ್ದರು. ಕೊಂಬಿನ ಲೋಟದಲ್ಲಿ ಯೆರ್ಬಾ ಸೊಪ್ಪಿನ ಪುಡಿ, ಮೇಲೆ ತಣ್ಣೀರು, ಇಬ್ಬರಿಗೂ ಒಂದೇ ಕೊಳವೆ. ಒರ್ತೆನ್ಸಿಯಾ ಬಂದು, ಬೋರಲು ಬಿದ್ದಿದ್ದ ಬಕೆಟ್ಟಿನ ಮೇಲೆ ಕೂತಳು. ತಾಸಿಯೋ ಲೋಟ ಕೊಟ್ಟ. ಅವಳು ಕುಡಿದು, ಧನ್ಯವಾದ ಹೇಳಿ, ಹಿಂದಕ್ಕೆ ಕೊಟ್ಟಳು. ಲೋಟ ಮೂರು ಸುತ್ತು ಸುತ್ತಿತು, ಅವಳ ಹತ್ತಿರ ಬರಲೇ ಇಲ್ಲ.

"ನನಗ್ಯಾಕಿಲ್ಲ?"

ಮೇಷ್ಟ್ರು ನಕ್ಕರು. "ಧನ್ಯವಾದ ಅಂದ್ರಲ್ಲ, ತಾಯಿ. ಸಾಕು ಅನ್ನೋರು ಮಾತ್ರ ಅದನ್ನ ಹೇಳೋದು."

"ಸಾಕಾಗಿಲ್ಲ, ಕೊಡಿ" ಎಂದು ಅವಳು ಕೈ ಚಾಚಿದಳು. ತಾಸಿಯೋಗೂ ನಗು ಬಂತು. ಒಳಗೆ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಅವಳ ಹತ್ತಿರ ಆ ದಿನ ಕಾಗದ ಇರಲಿಲ್ಲ, ಪೆನ್ನೂ ಇರಲಿಲ್ಲ. ಕೇಳಿ ಕೇಳಿ ಸುಸ್ತಾಗಿದ್ದಳು. ಸುಮ್ಮನೆ, "ಆ ದೋಣಿ ಹೇಗಿತ್ತು?" ಎಂದಳು.

ಅಂಬಿಗನನ್ನು ದೋಣಿಯ ಬಗ್ಗೆ ಕೇಳಿದರೆ ಬಿಡುತ್ತಾನೆಯೇ?

"ದೋಣಿ ಚೆನ್ನಾಗಿತ್ತು. ಅದರ ಯಜಮಾನನಿಗೆ ನಡೆಸೋದು ಬರ್ತಿರ್ಲಿಲ್ಲ ಅಷ್ಟೆ. ಒಂಬತ್ತು ಜನಕ್ಕೆ ಕಟ್ಟಿದ ದೋಣಿ ಅದು. ಹದಿನೇಳು ಜನ ಹತ್ತಿದ ಮೇಲೆ ನೀರು ಅಂಚಿಂದ ನಾಲ್ಕೇ ಬೆರಳು ಕೆಳಗೆ. ಮೋಟಾರು ಹಾಕಿದ್ರೆ ಮುಗೀತು, ಮುಳುಗ್ತೀವಿ. ಅದಕ್ಕೇ ಹಾಕ್ಲಿಲ್ಲ. ಮಧ್ಯಾಹ್ನದ ನಿದ್ದೆ ಹೊತ್ತು, ಊರಿಗೆ ಊರೇ ಮಲಗಿತ್ತು, ಅಧಿಕಾರೀನೂ ಮಾವಿನ ಮರದ ಕೆಳಗೆ ಬಾಯಿ ತೆರ್ಕೊಂಡು ಬಿದ್ದಿದ್ದ. ಹುಟ್ಟನ್ನೂ ಸದ್ದಿಲ್ದೆ ಹಾಕಿ, ಅಡ್ಡಡ್ಡಕ್ಕೆ ಹರಿವಿಗೆ ಬಿಟ್ಟೆ. ನಡುನೀರು ದಾಟೋವರೆಗೂ ಒಂದು ಮಗು ಕೂಡ ಕೆಮ್ಮಲಿಲ್ಲ, ಗೊತ್ತಾ?"

"ಹದಿನೇಳು ಜನ ಯಾರು, ತಾಸಿಯೋ?"

ಲೋಟಕ್ಕೆ ನೀರು ಹೊಯ್ಯುತ್ತಿದ್ದ ಕೈ ನಿಂತಿತು. ನಾಲ್ಕು ವರ್ಷದಲ್ಲಿ ಪಾಬ್ಲಾಗೂ ಹೇಳದ ಮಾತದು.

"ಹೆಸರು ಬೇಡ" ಎಂದಳು ಒರ್ತೆನ್ಸಿಯಾ. "ಹೆಸರು ನಾನು ಕೇಳೋದೂ ಇಲ್ಲ."

ಮೇಷ್ಟ್ರು ಈ ಸಲ ತಮಾಷೆ ಮಾಡಲಿಲ್ಲ. "ಹೇಳ್ಬಿಡು ತಮ್ಮಾ" ಎಂದರು.

ತಾಸಿಯೋ ನೀರಿನ ಜಗ್ಗನ್ನು ನೆಲದ ಮೇಲಿಟ್ಟ. "ಯೆರ್ಬಾ ಕಾರ್ಖಾನೆಯೋರು. ಕೂಲಿ ಹೆಚ್ಚು ಕೊಡಿ ಅಂತ ಕೆಲಸ ನಿಲ್ಸಿದ್ರು. ಹನ್ನೊಂದು ಜನ ದೊಡ್ಡೋರು, ಆರು ಮಕ್ಕಳು. ಮಾರನೇ ದಿನ ಬೆಳಿಗ್ಗೆ ಸರ್ಕಾರದ ಲಾರಿ ಬರುತ್ತೆ, ತುಂಬ್ಕೊಂಡು ಹೋಗ್ತಾರೆ ಅಂತ ಸುದ್ದಿ ಬಂತು. ಹಿಂದಿನ ವಾರ ಇಬ್ಬರನ್ನ ಒಯ್ದಿದ್ರು. ಅದರಲ್ಲಿ ಒಬ್ಬ ನನ್ನ ಬಲೇಲಿ ಸಿಕ್ಕ ಸೆನ್ಯೋರಾ. ಕೈಗೆ ತಂತಿ ಸುತ್ತಿತ್ತು. ಅವನ ತಾಯಿಯನ್ನ ನಾನು ಎಷ್ಟೋ ಸಲ ಆಚೆ ದಡದ ಸಂತೆಗೆ ದಾಟ್ಸಿದೀನಿ. ನನ್ನ ದೋಣೀಲಿ ಆರೇ ಜನ ಹಿಡಿಸೋದು. ಆರು ಜನಾನ ಆರಿಸ್ಕೋ ಅಂದ್ರೆ ಯಾರನ್ನ ಆರಿಸ್ಲಿ? ರೇವಲ್ಲಿ ದೊಡ್ಡದು ಅಂತ ಇದ್ದಿದ್ದು ಅಧಿಕಾರಿ ದೋಣಿ ಒಂದೇ. ತಗೊಂಡೆ. ಎಲ್ಲರನ್ನೂ ಇಳ್ಸಿ, ದೋಣಿಯನ್ನ ಆಚೆ ದಡದ ಮರಕ್ಕೆ ಎರಡು ಗಂಟು ಹಾಕಿ ಕಟ್ಟಿದೆ, ತಳದ ನೀರು ಗೋರಿ ಹಾಕಿದೆ. ಇಷ್ಟೇ. ಇದರಲ್ಲಿ ರಾಜಕೀಯ ಏನೂ ಇಲ್ಲ."

ಒರ್ತೆನ್ಸಿಯಾಳ ಕಣ್ಣು ತುಂಬಿತ್ತು, ಅವಳು ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ತಾಸಿಯೋ, ಇದಕ್ಕೇ ಕಣಪ್ಪ ರಾಜಕೀಯ ಅನ್ನೋದು" ಎಂದಳು.

"ಇದಕ್ಕಾ?"

"ಹೌದು, ಇದಕ್ಕೇ."

ಅವನು ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಟಾರು ಹತ್ತಿದ, ಹುಟ್ಟು ಹಿಡಿದು ದಡ್ಡುಗಟ್ಟಿದ ಕೈ. "ಹಾಗಾದ್ರೆ ಬರ್ಕೊಳ್ಳಿ" ಎಂದ ಕೊನೆಗೆ. "ಆದ್ರೆ ಟೋಪಿ ಮೇಲೆ ಕಲ್ಲಿಟ್ಟು ಬಂದಿದ್ದನ್ನೂ ಬರೀಬೇಕು."

ಅವಳು ಬರೆದಳು, ಕಲ್ಲಿನ ಸಮೇತ. ಸೋಮವಾರ ರಾಯಭಾರಿ ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ಆಮೇಲೆ ಅರ್ಜೆಂಟೀನಾ ಸರ್ಕಾರ ಗಂಡ ಹೆಂಡತಿಗೆ ಮೆಕ್ಸಿಕೋಗೆ ಹೋಗಲು ರಹದಾರಿ ಕೊಡುವವರೆಗೆ ನಲವತ್ತೊಂದು ದಿನ ಕಾಯಬೇಕಾಯಿತು. ತಾಸಿಯೋ ಬರಿಗೈಯಲ್ಲಿ ಕೂರುವವನಲ್ಲ. ತಂದ ಬಣ್ಣ ಒಣಗಿಹೋಗುತ್ತದೆ ಎಂದು ಗೇಟಿನ ಒಳಮೈಗೆಲ್ಲ ಹಸಿರು ಬಳಿದ. "ಹೊರಗಡೆಗೂ ಬಳಿಯಯ್ಯ" ಎಂದ ಪೇದೆ. "ಬಾ ಅಂತೀಯಾ? ಬರಲ್ಲಪ್ಪ, ನಾನು" ಎಂದು ತಾಸಿಯೋ ಒಳಗಿನಿಂದಲೇ ಕುಂಚ ಆಡಿಸಿದ. ಮನುಷ್ಯ ಚೆನ್ನಾಗಿ ಉಣ್ಣತೊಡಗಿದ್ದ, ನಿದ್ದೆ ಮಾಡತೊಡಗಿದ್ದ. ಮೇಷ್ಟ್ರಂತೂ ಗೊರಕೆಗೆ ಬೇಸತ್ತು ಹಾಸಿಗೆಯನ್ನು ಪಡಸಾಲೆಗೆ ಸಾಗಿಸಿದರು.

ರಹದಾರಿ ಬಂದ ದಿನ ಒರ್ತೆನ್ಸಿಯಾ ಕಚೇರಿಯ ಕಾರಿನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ವಿಮಾನ ನಿಲ್ದಾಣಕ್ಕೆ ಕರೆದೊಯ್ದಳು. ಅಷ್ಟು ದಿನ ಕಂಬಿಯ ಸಂದಿಯಿಂದ ಗಂಡನ ಮುಖ ನೋಡಿದ್ದ ಪಾಬ್ಲಾ ದಾರಿಯುದ್ದಕ್ಕೂ ಅವನ ತೋಳು ಬಿಡಲಿಲ್ಲ. ಹದಿನೇಳು ಜನರ ಕತೆಯನ್ನು ಅವನು ಅವಳಿಗೆ ಹೇಳಿದ್ದೂ ಆ ಕಾರಿನಲ್ಲೇ. ಅವಳು ಕೇಳಿ ಮುಗಿಸಿ, "ನನಗೆ ಹೇಳ್ಲಿಲ್ವಲ್ಲೋ ಪಾಪಿ" ಎಂದು ಬೆನ್ನಿಗೊಂದು ಗುದ್ದಿ, ಹೋ ಎಂದು ಅತ್ತು, ಮುಖ ಒರೆಸಿಕೊಂಡು ಬುಟ್ಟಿಯಿಂದ ಎಲ್ಲರಿಗೂ ಚಿಪಾ ಕೊಟ್ಟಳು.

ನಿಲ್ದಾಣದ ಕೊನೆಯ ಮೇಜಿನಲ್ಲಿ ದಪ್ಪ ಮೀಸೆಯ ಅಧಿಕಾರಿಯೊಬ್ಬ ಮೊಹರು ಹಿಡಿದು ಕೂತಿದ್ದ. ಕಾಗದ ತಿರುವಿ ಹಾಕಿ, ತಲೆಯೆತ್ತಿ ತಾಸಿಯೋನನ್ನು ಮೇಲಿಂದ ಕೆಳಗೆ ನೋಡಿದ. "ನೀನಾ? ರಾಜಕೀಯದೋನಾ ನೀನು?"

ಐವತ್ತೆಂಟು ವರ್ಷದ ಅಭ್ಯಾಸ ಒಂದು ಸಂಜೆಗೆ ಹೋಗುತ್ತದೆಯೇ? ನಾಲಿಗೆ ಆಗಲೇ ಹೊರಳಿತ್ತು. "ನನಗೆ ರಾ..."

ಅಷ್ಟರಲ್ಲಿ ಪಾಬ್ಲಾ ಗಂಡನ ಕಾಲನ್ನು ಬಲವಾಗಿ ತುಳಿದು, ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಮುಂದೆ ಬಂದಳು.

"ಹೌದು ಸ್ವಾಮಿ" ಎಂದಳು, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ. "ಇಬ್ಬರೂ."